ಹುಲ್ಲಿನ ಕಲೆ

ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಗೇಟು ಕಾಯುವವನಿಂದ ಹಿಡಿದು ಕ್ರೀಡಾಂಗಣದ ಮ್ಯಾನೇಜರ್‌ವರೆಗೆ ಎಲ್ಲರ ಬಾಯಲ್ಲೂ ಅವಳು ಸೋಪಕ್ಕ. ಮೊದಲು ಯಾರೋ ತಮಾಷೆಗೆ ಕರೆದದ್ದು, ಆಮೇಲೆ ಅದೇ ಗಟ್ಟಿಯಾಯಿತು. "ಹೋಗ್ಲಿ ಬಿಡಿ, ಬ್ಲೀಚಕ್ಕ ಅನ್ನಲಿಲ್ವಲ್ಲ" ಎಂದು ಅವಳೂ ನಕ್ಕುಬಿಟ್ಟಿದ್ದಳು.

ಪೂರ್ವದ ಗ್ಯಾಲರಿಯ ಅಡಿಯಲ್ಲಿ ಹದಿನಾಲ್ಕು ಮೆಟ್ಟಿಲು ಇಳಿದರೆ ಅವಳ ಒಗೆಯುವ ಕೋಣೆ. ಮೂರು ದೊಡ್ಡ ವಾಷಿಂಗ್ ಮಷೀನು, ನೀರು ಹಿಂಡುವ ಯಂತ್ರ ಒಂದು, ಗೋಡೆಯುದ್ದಕ್ಕೂ ನೆನೆಹಾಕುವ ಸಿಮೆಂಟು ತೊಟ್ಟಿಗಳು, ಮೂಲೆಯಲ್ಲಿ ಇಸ್ತ್ರಿ ಮಾಮನ ಉದ್ದನೆಯ ಮೇಜು. ಇಸ್ತ್ರಿ ಮಾಮ ಅವಳಿಗಿಂತ ಹತ್ತು ವರ್ಷ ಹಿರಿಯ. ಕೈ ನಿಧಾನ, ಬಾಯಿ ಮಾತ್ರ ಇಸ್ತ್ರಿಪೆಟ್ಟಿಗೆಗಿಂತ ಬಿಸಿ. ಕೋಣೆಗೆ ಕಿಟಕಿ ಇರಲಿಲ್ಲ. ಮೇಲೆ ನಲವತ್ತು ಸಾವಿರ ಜನ ಕೂಗಿದರೆ ಕೆಳಗೆ ಗುಡುಗಿದ ಹಾಗೆ ಕೇಳುತ್ತಿತ್ತು. ಗೋಲಾದರೆ ಚಾವಣಿಯಿಂದ ಸುಣ್ಣದ ಪುಡಿ ಉದುರುತ್ತಿತ್ತು. ಹಾಗಾಗಿ ಕೂಗು ಏರುತ್ತಿದ್ದಂತೆ ಸೋಪಕ್ಕ ಮಡಚಿಟ್ಟ ಬಟ್ಟೆಗಳ ಮೇಲೆ ಹಳೇ ಚಾದರ ಎಳೆದುಬಿಡುವಳು. "ಅವರಿಗೆ ಅದು ಗೋಲು, ನಮಗೆ ಎರಡನೇ ಸಲ ಜಾಡಿಸೋ ಕೆಲಸ" ಎನ್ನುವಳು.

ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ದುಡಿದರೂ ಆಕೆ ಒಂದೇ ಒಂದು ಪಂದ್ಯವನ್ನು ಕಣ್ಣಾರೆ ನೋಡಿರಲಿಲ್ಲ. ಪುರುಸೊತ್ತೇ ಇರುತ್ತಿರಲಿಲ್ಲ. ಪಂದ್ಯ ಶುರುವಾಗುವ ಹೊತ್ತಿಗೆ ಮೈ ಬಿಸಿಮಾಡಿಕೊಳ್ಳಲು ಹಾಕಿದ ಅಂಗಿಗಳು ಬರುವವು, ಅರ್ಧ ಮುಗಿಯುತ್ತಿದ್ದಂತೆ ಆಟಗಾರರು ಬದಲಿಸಿದ ಜೆರ್ಸಿಗಳು. ಹುಲ್ಲಿನ ಕಲೆಯನ್ನು ಹಸಿಯಿರುವಾಗಲೇ ನೆನೆಹಾಕಬೇಕು. ಕೆಸರಾದರೆ ಪೂರ್ತಿ ಒಣಗಲಿ ಎಂದು ಕಾಯಬೇಕು. ರಕ್ತಕ್ಕೆ ತಣ್ಣೀರೇ ಆಗಬೇಕು, ಬಿಸಿನೀರು ಸೋಕಿತೋ, ಜನ್ಮಕ್ಕೂ ಬಿಡದು. ಇದನ್ನೆಲ್ಲ ಹೇಳಿಕೊಟ್ಟದ್ದು ಮುಂಚೆ ಅಲ್ಲಿದ್ದ ದೊಡ್ಡಕ್ಕ. ಕೆಲಸಕ್ಕೆ ಸೇರಿದ ದಿನವೇ ಆಕೆ ಹೇಳಿದ್ದಳು: "ಮಷೀನಿಗೆ ತುರುಕೋಕೆ ಮುಂಚೆ ಬಟ್ಟೆ ಮುಖ ನೋಡೇ. ಮುಖ ನೋಡದೆ ಯಾರ ಹತ್ರಾನಾದ್ರೂ ಮಾತಾಡ್ತೀವಾ?"

ಸೋಪಕ್ಕ ಬಟ್ಟೆಯ ಮುಖ ನೋಡುತ್ತ ನೋಡುತ್ತಲೇ ಫುಟ್‌ಬಾಲ್ ಕಲಿತಳು.

ಆ ಊರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಎಂಟು ದೇಶಗಳ ಆಹ್ವಾನ ಪಂದ್ಯಾವಳಿ ನಡೆಯುತ್ತಿತ್ತು. ಲೋಕದ ನಾಲ್ಕು ಮೂಲೆಯಿಂದ ತಂಡಗಳು ಬಂದು ಮೂರು ವಾರ ಬೀಡುಬಿಡುತ್ತಿದ್ದವು, ಅಷ್ಟೂ ತಂಡಗಳ ಬಟ್ಟೆ ಈ ಕೋಣೆಗೇ ಬರುತ್ತಿತ್ತು. ಆಕೆ ಕಂಡ ಮೊದಲ ಪಂದ್ಯಾವಳಿಯಲ್ಲಿ, ಉತ್ತರ ಯುರೋಪಿನ ತಂಡದ ಚೀಲ ಬಿಚ್ಚಿದಾಗ ಕತ್ತುಪಟ್ಟಿಗಳೆಲ್ಲ ಜಗ್ಗಿ ಸಡಿಲವಾಗಿದ್ದವು. ಹೆಗಲು, ಮೊಣಕೈ, ಬೆನ್ನುಗಳಿಗೆ ಕೆಸರು, ಮುಂಭಾಗ ಮಾತ್ರ ಹೆಚ್ಚುಕಮ್ಮಿ ಶುಭ್ರ. ಇವರು ಮೇಲಿಂದ ಬೀಳುವವರು ಅಂದುಕೊಂಡಳು. ನೆಗೆದು, ಗಾಳಿಯಲ್ಲಿ ಗುದ್ದಾಡಿ, ಅಂಗಾತ ಬೀಳುವವರು. ಮರುದಿನ ದಕ್ಷಿಣ ಅಮೆರಿಕದ ತಂಡದ ಚೀಲ ಬಂತು. ಅದರಲ್ಲಿ ಹೆಗಲು ಹೂವಿನ ಹಾಗಿತ್ತು. ಕಲೆಯೆಲ್ಲ ಮೊಣಕಾಲಿಗೆ. ಅಂಗಿಯ ಅಂಚನ್ನು ಯಾರೋ ಹಿಂದಿನಿಂದ ಹಿಡಿದು ಜಗ್ಗಿ ಹೊಲಿಗೆ ಬಿಟ್ಟಿತ್ತು. ಕಾಲುಚೀಲಗಳ ಮುಂದೆಯೆಲ್ಲ ಬೂಟಿನ ಮುಳ್ಳು ತರಚಿದ ಗೀರು. ಎದೆಯ ನಡುವೆ ಮಾತ್ರ ಚೆಂಡು ಕೂತು ಎದ್ದುಹೋದ ದುಂಡನೆ ಗುರುತು. ಇವರನ್ನು ನಿಲ್ಲಿಸಲು ಬೇರೆಯವರಿಗೆ ಒದೆಯುವುದು, ಜಗ್ಗುವುದು ಬಿಟ್ಟರೆ ದಾರಿಯಿಲ್ಲ ಎಂದು ಅವಳಿಗೆ ಹೊಳೆಯಿತು.

ಪಶ್ಚಿಮ ಆಫ್ರಿಕದ ತಂಡದವರ ತೊಡೆಯಿಂದ ಸೊಂಟದವರೆಗೆ ಹುಲ್ಲಿನ ಹಸಿರು ಒಂದು ಮೊಳ ಉದ್ದಕ್ಕೆ ಎಳೆದಿತ್ತು. ಎಂಥ ವೇಗದಲ್ಲಿ ಜಾರಿದರೆ ಅಷ್ಟುದ್ದ ಬಂದೀತು ಎಂದು ಅಳೆದು ನೋಡಿ ಬೆಕ್ಕಸಬೆರಗಾದಳು. ಪೂರ್ವ ಏಷ್ಯದವರ ಚೀಲ ಎಲ್ಲಕ್ಕಿಂತ ಭಾರ. ಕೆಸರಿಲ್ಲ, ಹುಲ್ಲಿಲ್ಲ, ಬರೀ ಬೆವರು. ಒಣಗಿದಾಗ ಹನ್ನೊಂದು ಜೆರ್ಸಿಯ ಬೆನ್ನಲ್ಲೂ ಉಪ್ಪಿನ ಬಿಳಿಗೆರೆ ಒಂದೇ ಎತ್ತರದಲ್ಲಿ ನಿಂತಿತ್ತು, ಹನ್ನೊಂದು ಮಂದಿಯೂ ಒಂದೇ ಬಾವಿಗೆ ಅಷ್ಟೇ ಆಳ ಇಳಿದು ಬಂದವರಂತೆ.

ಮನೆಯಲ್ಲಿ ಮಾತ್ರ ಅವಳ ವಿದ್ಯೆಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಅವಳ ಯಜಮಾನರು ಬಸ್ ಡ್ರೈವರ್. ಪಾಳಿ ಮುಗಿಸಿ ಬಂದವರೇ ಟಿವಿ ಮುಂದೆ ಕೂತರೆ ಫುಟ್‌ಬಾಲ್ ಲೋಕದ ಒಡೆಯ. ಜೊತೆಗೆ ಎದುರುಮನೆಯ ಕ್ಷೌರದವನು. ಇಬ್ಬರೂ ಸೇರಿದರೆ ಟಿವಿಯವನ ಕಾಮೆಂಟರಿ ಕೇಳಿಸುತ್ತಲೇ ಇರಲಿಲ್ಲ.

"ಉತ್ತರದವರದ್ದು ಬರೀ ತಲೆ, ದಕ್ಷಿಣದವರದ್ದು ಬರೀ ಕಾಲು" ಎಂದು ಯಜಮಾನರು ಒಂದು ಸಲ ತೀರ್ಪು ಕೊಟ್ಟರು.

"ದಕ್ಷಿಣದವರಿಗೆ ಎದೇನೂ ಇದೆ ರೀ" ಎಂದಳು ಸೋಪಕ್ಕ ಅಡುಗೆಮನೆಯಿಂದ. "ಬೇಕಾದ್ರೆ ಅವರ ಅಂಗಿ ನೋಡಿ, ಚೆಂಡು ಎದೆ ಮೇಲೆ ಕೂತು ಹೋಗಿರುತ್ತೆ."

"ನೀನು ಒಂದು ಮ್ಯಾಚಾದ್ರೂ ನೋಡಿದೀಯೇನೇ? ಕೊಳೆ ನೋಡಿ ಆಟ ಹೇಳ್ತಾಳಂತೆ! ತಟ್ಟೆ ನೋಡಿ ಅಡುಗೆ ರುಚಿ ಹೇಳ್ದಂಗಾಯ್ತು."

"ತಟ್ಟೆ ನೋಡಿ ಹೇಳಬಹುದು" ಎಂದು ಕ್ಷೌರದವನು ನಡುವೆ ಬಾಯಿ ಹಾಕಿದ. "ನಮ್ಮನೇಲಿ ದಿನಾ ತಟ್ಟೇಲಿ ಉಳಿದಿರುತ್ತಲ್ಲ."

ಮಾತು ಅಲ್ಲಿಗೆ ನಗುವಿನಲ್ಲಿ ಮುಗಿಯಿತು. ಆದರೂ ಯಜಮಾನರ ಮಾತು ಅವಳಿಗೆ ಎಲ್ಲೋ ಒಂದು ಕಡೆ ಚುಚ್ಚಿಯೇ ಇತ್ತು. ಹೌದಲ್ಲ, ಒಂದಾದರೂ ನೋಡಿದ್ದೀನಾ?

ಐದನೇ ಪಂದ್ಯಾವಳಿ ಬಂದ ವರ್ಷ ಅವಳಿಗೆ ಐವತ್ತನಾಲ್ಕು. ಮೊದಲ ವಾರದಲ್ಲೇ ಒಂದು ಯಡವಟ್ಟಾಯಿತು. ಅಭ್ಯಾಸಕ್ಕೆಂದು ಸಂಘಟಕರು ಎಲ್ಲ ತಂಡಗಳಿಗೂ ಒಂದೇ ಥರದ ಬಿಳಿ ಅಂಗಿ ಕೊಟ್ಟಿದ್ದರು, ನಂಬರೂ ಇಲ್ಲ ಹೆಸರೂ ಇಲ್ಲ. ನಾಲ್ಕು ತಂಡಗಳ ಚೀಲ ಹೊತ್ತ ವ್ಯಾನು ಮಳೆಯಲ್ಲಿ ಬಂತು. ಚೀಲಗಳ ಮೇಲಿನ ಚೀಟಿ ಕರಗಿ, ಇಳಿಸುವಾಗ ಬಾಯಿ ಬಿಚ್ಚಿ, ಎಂಬತ್ತೆಂಟು ಅಂಗಿ ಒಂದೇ ರಾಶಿಯಾಗಿ ನೆಲದ ಮೇಲೆ ಬಿತ್ತು. ವ್ಯಾನಿನವನು ತಲೆಮೇಲೆ ಕೈಹೊತ್ತು ಕೂತ. ಮ್ಯಾನೇಜರ್ ಓಡಿಬಂದು, "ಈಗ ನಾಲ್ಕೂ ತಂಡದೋರನ್ನ ಕರೆಸಿ ನಿಮ್ಮ ಅಂಗಿ ಯಾವುದಪ್ಪಾ ಅಂತ ಕೇಳೋದಾ?" ಎಂದು ಗೋಳಾಡಿದರು.

"ಒಂದು ಗಂಟೆ ಕೊಡಿ ಸಾರ್" ಎಂದಳು ಸೋಪಕ್ಕ.

ತೊಟ್ಟಿಯ ಕಟ್ಟೆ ಮೇಲೆ ನಾಲ್ಕು ಬುಟ್ಟಿ ಇಟ್ಟಳು. ಒಂದೊಂದೇ ಅಂಗಿ ಎತ್ತಿ, ಬೆಳಕಿಗೆ ಹಿಡಿದು, ತಿರುವಿ ನೋಡಿ ಹಾಕುತ್ತ ಹೋದಳು. ಹೆಗಲ ಕೆಸರು ಮೊದಲ ಬುಟ್ಟಿಗೆ. ಜಗ್ಗಿದ ಅಂಚು ಎರಡನೆಯದಕ್ಕೆ. ಉದ್ದ ಹಸಿರು ಮೂರನೆಯದಕ್ಕೆ. ಉಪ್ಪಿನ ಗೆರೆ ನಾಲ್ಕನೆಯದಕ್ಕೆ. ಇಸ್ತ್ರಿ ಮಾಮ ಪೆಟ್ಟಿಗೆ ಆರಿಸಿ ಬಾಯಿಬಿಟ್ಟುಕೊಂಡು ನಿಂತ. ಗಂಟೆ ಮುಗಿಯುವುದರೊಳಗೆ ನೆಲ ಖಾಲಿ. ನಾಲ್ಕು ತಂಡಗಳ ಸಾಮಾನು ನೋಡಿಕೊಳ್ಳುವವರು ಬಂದು, ತಮಗಷ್ಟೇ ತಿಳಿಯುವ ಒಳಗಿನ ಹೊಲಿಗೆಯ ಗುರುತು ನೋಡಿ ಎಣಿಸಿದರು. ಎಂಬತ್ತೆಂಟರಲ್ಲಿ ಎಂಬತ್ತೇಳು ಸರಿ. ಒಂದೇ ಒಂದು ತಪ್ಪು: ಉತ್ತರ ಯುರೋಪಿನವನೊಬ್ಬನ ಅಂಗಿಯನ್ನು ಆಕೆ ದಕ್ಷಿಣ ಅಮೆರಿಕದ ಬುಟ್ಟಿಗೆ ಹಾಕಿದ್ದಳು.

ಎಂಬತ್ತೇಳು ಸರಿಯಾದದ್ದಕ್ಕೆ ಎಲ್ಲರೂ ಹೊಗಳಿದರು. ಅವಳ ಮನಸ್ಸು ಮಾತ್ರ ಆ ಒಂದರಲ್ಲೇ ಸಿಕ್ಕಿಕೊಂಡಿತು. ಮತ್ತೆ ಮತ್ತೆ ನೋಡಿದಳು. ಎದೆಯ ಮೇಲೆ ದುಂಡನೆ ಗುರುತು, ಜಗ್ಗಿದ ಅಂಚು, ಮೊಣಕೈ ಶುಭ್ರ. ಇದು ಹೇಗೆ?

ಉತ್ತರ ಹೇಳಿದ್ದು ಆತಿಥೇಯ ತಂಡದ ಕೋಚ್. ಇಸ್ತ್ರಿ ಮಾಮ ಈ ಸುದ್ದಿಯನ್ನು ಉಪ್ಪುಖಾರ ಹಚ್ಚಿ ಊರಿಗೆಲ್ಲ ಹಂಚಿದ್ದ, ಅದನ್ನು ಕೇಳಿ ಅವರೇ ಹದಿನಾಲ್ಕು ಮೆಟ್ಟಿಲು ಇಳಿದು ಬಂದರು. ಅರವತ್ತರ ಹತ್ತಿರದ ಮನುಷ್ಯ, ಮಂಡಿನೋವಿಗೆ ಗೋಡೆ ಹಿಡಿದು ನಡೆಯುತ್ತಿದ್ದರು.

"ಆ ಅಂಗಿಯವನನ್ನ ನಾನು ಬಲ್ಲೆ ಸೋಪಕ್ಕ" ಎಂದರು, ಸ್ಟೂಲಿನ ಮೇಲೆ ಕೂರುತ್ತ. "ಅವನ ಅಪ್ಪ ಅಮ್ಮ ಬೇರೆ ಖಂಡದಿಂದ ಬಂದು ಅಲ್ಲಿ ನೆಲೆನಿಂತೋರು. ಅವನು ಆಡಿ ಬೆಳೆದದ್ದು ದೊಡ್ಡ ಮೈದಾನದಲ್ಲಲ್ಲ, ಎರಡು ಗೋಡೆ ನಡುವಿನ ಕಿರುಗಲ್ಲಿಯಲ್ಲಿ. ಮೇಲೆ ಹೊಡೆದ್ರೆ ಯಾರದೋ ಕಿಟಕಿ ಒಡೆಯುತ್ತೆ. ಅದಕ್ಕೆ ಚೆಂಡು ಕಾಲುಬಿಟ್ಟು ಕದಲೋದೇ ಇಲ್ಲ. ನೀವು ತಪ್ಪು ಹೇಳಿಲ್ಲ. ಪಾಸ್‌ಪೋರ್ಟು ಒಂದು ಹೇಳುತ್ತೆ, ಅಂಗಿ ಒಂದು ಹೇಳುತ್ತೆ, ಅಷ್ಟೆ."

"ಅಂದ್ರೆ ಆಟ ದೇಶದ್ದಲ್ಲ, ಜಾಗದ್ದು ಅಂತೀರಾ?"

"ದೇಶದ್ದೂ ಹೌದು, ಜಾಗದ್ದೂ ಹೌದು, ಕಲಿಸಿದೋರದ್ದೂ ಹೌದು. ಈಗಂತೂ ಎಲ್ಲರೂ ಎಲ್ಲಾ ಕಡೆ ಹೋಗಿ ಆಡ್ತಾರೆ. ಗೆರೆ ಅಳಿಸಿಹೋಗ್ತಾ ಇದೆ."

ಅದು ಅವಳಿಗೂ ಗೊತ್ತಿತ್ತು. ಮೊದಲ ಪಂದ್ಯಾವಳಿಯಲ್ಲಿ ಒಗ್ಗರಣೆ ವಾಸನೆಯಂತೆ ಬಾಗಿಲಲ್ಲೇ ತಿಳಿಯುತ್ತಿದ್ದ ವ್ಯತ್ಯಾಸ ಈಗ ಹತ್ತಿರ ಹಿಡಿದು ಹುಡುಕುವಷ್ಟು ತೆಳುವಾಗಿತ್ತು. ಆಫ್ರಿಕದ ತಂಡದ ಮೊಳದುದ್ದದ ಹಸಿರು ಈ ಸಲ ಗೇಣಿಗೆ ಇಳಿದಿತ್ತು. ಅವರು ಈಗ ಜಾರುವುದಕ್ಕಿಂತ ಕಾದು ನಿಲ್ಲುವುದನ್ನು ಹೆಚ್ಚು ಕಲಿತಿದ್ದಾರೆ ಎಂದರು ಕೋಚ್. ಆ ದಿನ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಎದ್ದು ಹೊರಡುವಾಗ ಕೋಚ್ ನಕ್ಕರು: "ನನ್ನ ಹತ್ರ ಲ್ಯಾಪ್‌ಟಾಪ್ ಹಿಡಿದ ಆರು ಜನ ಇದಾರೆ. ಅವರೂ ಹೀಗೇ ಹೇಳ್ತಾರೆ, ಆದ್ರೆ ಹೀಗೆ ಅರ್ಥ ಆಗೋ ಹಾಗೆ ಹೇಳಲ್ಲ. ನಿಮ್ಮದು ಕಲೆ ನೋಡೋ ಕಲೆ."

"ನೀವು ನೋಡ್ತೀರ ಸಾರ್, ನಾನು ತೊಳೀಬೇಕು" ಎಂದಳು ಸೋಪಕ್ಕ.

ಎರಡನೇ ಸಲ ಕೋಚ್ ಬಂದದ್ದು ಸೆಮಿಫೈನಲ್‌ಗೆ ಎರಡು ದಿನ ಮುಂಚೆ. ಈ ಸಲ ನಗು ಇರಲಿಲ್ಲ. ಆತಿಥೇಯ ತಂಡಕ್ಕೆ ಎದುರಾಳಿ ದಕ್ಷಿಣ ಅಮೆರಿಕದವರೇ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದರು: "ಅವರ ಬಟ್ಟೆ ಇಲ್ಲೇ ಇದೆಯಲ್ಲ. ಯಾರಿಗೆ ಎಲ್ಲಿ ನೋವಿದೆ, ಯಾರು ಯಾವ ಕಡೆ ಬೀಳ್ತಾರೆ... ನಿಮಗೆ ಗೊತ್ತಿರುತ್ತೆ. ಒಂದಿಷ್ಟು ಹೇಳಿ."

ಗೊತ್ತಿತ್ತು. ಮೂರನೇ ನಂಬರಿನವನ ಬಲ ಕಾಲುಚೀಲದ ಒಳಗೆ ನೋವಿನೆಣ್ಣೆಯ ಜಿಡ್ಡು ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು. ಒಂಬತ್ತನೆಯವನು ಒಂದು ವಾರದಿಂದ ಎಡಗಡೆಗೆ ಬಿದ್ದೇ ಇರಲಿಲ್ಲ. ಸೋಪಕ್ಕನ ನಾಲಿಗೆಯ ತುದಿಗೆ ಎರಡೂ ಬಂದು ನಿಂತವು. ಗೆದ್ದರೆ ಊರಿಗೆ ಊರೇ ಕುಣಿಯುತ್ತಿತ್ತು, ಯಜಮಾನರಂತೂ ಬಸ್ಸಿಗೇ ಹಾರ ಹಾಕುತ್ತಿದ್ದರು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು.

"ತಪ್ಪು ತಿಳೀಬೇಡಿ ಸಾರ್" ಎಂದಳು ಕೊನೆಗೆ. "ನಿಮ್ಮ ಬಟ್ಟೇನೂ ಇಲ್ಲೇ ಬರುತ್ತೆ. ನಿಮ್ಮದು ಏನು ಕಂಡಿದೀನಿ ಅಂತ ನಾನು ಯಾರಿಗೂ ಹೇಳಿಲ್ಲ. ಒಂದು ಮನೆ ಬಟ್ಟೆ ಮಾತು ಇನ್ನೊಂದು ಮನೇಲಿ ಆಡಿದ್ರೆ, ನಾಳೆ ಈ ಮೆಟ್ಟಿಲಿಳಿದು ಚೀಲ ಕೊಡೋರ ಮುಖ ನಾನು ಹೇಗೆ ನೋಡಲಿ?"

ಕೋಚ್ ಅವರ ಮುಖ ಕೆಂಪಾಗಿತ್ತು. "ಕೇಳಬಾರದಾಗಿತ್ತು" ಎಂದಷ್ಟೇ ಹೇಳಿ ಗೋಡೆ ಹಿಡಿದು ಮೆಟ್ಟಿಲು ಹತ್ತಿದರು.

ಆತಿಥೇಯ ತಂಡ ಮೂರು ಗೋಲಿನಿಂದ ಸೋತಿತು. ಆ ಸಂಜೆ ಚಾವಣಿಯಿಂದ ಒಂದು ಚಿಟಿಕೆ ಸುಣ್ಣವೂ ಉದುರಲಿಲ್ಲ. ಮರುದಿನ ಬೆಳಗ್ಗೆ ಕೋಚ್ ಮತ್ತೆ ಬಂದರು. ಬೈಯಲು ಬಂದರೇನೋ ಅಂದುಕೊಂಡಳು ಸೋಪಕ್ಕ.

"ನೀವು ಹೇಳಿದ್ರೂ ಸೋಲ್ತಿದ್ವಿ" ಎಂದರು ಅವರು. "ಅವರಿಗೂ ನಮಗೂ ಅಜಗಜಾಂತರ. ಒಂದು ಕೇಳ್ತೀನಿ. ನೀವು ಯಾವತ್ತಾದ್ರೂ ಆಟ ನೋಡಿದೀರಾ?"

"ಇಲ್ಲ ಸಾರ್."

"ಒಂದೂ?"

"ಒಂದೂ ಇಲ್ಲ."

ಕೋಚ್ ಸ್ಟೂಲು ಎಳೆದು ಕೂತರು. "ನಾಳಿದ್ದು ಫೈನಲ್. ಮಧ್ಯಾಹ್ನ ನಾಲ್ಕಕ್ಕೆ. ಗೆರೆ ಪಕ್ಕದಲ್ಲಿ ನಿಮಗೆ ಒಂದು ಕುರ್ಚಿ ಹಾಕಿಸ್ತೀನಿ. ಬರಲೇಬೇಕು."

"ಅಯ್ಯೋ, ಅರ್ಧಕ್ಕೆ ಜೆರ್ಸಿ ಬರುತ್ತಲ್ಲ ಸಾರ್, ನೆನೆಹಾಕೋದು ಯಾರು?"

"ನಾನೇನು ಸತ್ತಿದೀನಾ?" ಎಂದ ಇಸ್ತ್ರಿ ಮಾಮ ಮೂಲೆಯಿಂದ. "ನಲವತ್ತು ವರ್ಷ ಸುಕ್ಕು ಬಿಡಿಸಿದೋನಿಗೆ ನೀರಲ್ಲಿ ಅದ್ದೋಕೆ ಬರಲ್ವಾ? ಹೋಗಮ್ಮಾ ತಾಯಿ."

ಹೀಗೆ ಸೋಪಕ್ಕ ಪಂದ್ಯದ ಹೊತ್ತಿನಲ್ಲಿ ಮೊದಲ ಸಲ ಮೆಟ್ಟಿಲು ಹತ್ತಿ, ಆಟಗಾರರು ಹೊರಬರುವ ಸುರಂಗದ ಬಾಯಲ್ಲಿ, ಮೈದಾನದ ಅಂಚಿಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಖಾಲಿ ಮೈದಾನವನ್ನು ಆಕೆ ಎಷ್ಟೋ ಸಲ ದಾಟಿದ್ದಳು. ತುಂಬಿದ್ದನ್ನು ಕಂಡಿರಲಿಲ್ಲ. ಕೆಳಗೆ ಗುಡುಗಾಗಿ ಕೇಳುತ್ತಿದ್ದದ್ದು ಇಲ್ಲಿ ಮೈಗೆ ತಾಗುತ್ತಿತ್ತು. ಎರಡು ತಂಡಗಳು ಪಕ್ಕದಲ್ಲೇ ಹಾದುಹೋದವು. ಇಪ್ಪತ್ತೆರಡು ಜನರಲ್ಲಿ ಒಬ್ಬರ ಮುಖವೂ ಅವಳಿಗೆ ಗೊತ್ತಿರಲಿಲ್ಲ. ಬೆನ್ನು ತಿರುಗಿಸಿದ್ದೇ ತಡ, ಎಲ್ಲರೂ ಗೊತ್ತು. ಓ, ಇವನು ಅಂಗಿಯ ತೋಳು ಕಚ್ಚುವವನು. ಇವನು ಕಾಲುಚೀಲ ಕತ್ತರಿಸಿಕೊಳ್ಳುವವನು. ಇವನದು ಎರಡು ಸಲ ಮೂಗಿನ ರಕ್ತ.

ಒಂದು ಕಡೆ ದಕ್ಷಿಣ ಅಮೆರಿಕ, ಇನ್ನೊಂದು ಕಡೆ ಪೂರ್ವ ಏಷ್ಯ.

ಆರನೇ ನಿಮಿಷಕ್ಕೆ, ಅವಳ ಕುರ್ಚಿಯಿಂದ ನಾಲ್ಕು ಮಾರು ದೂರದಲ್ಲಿ, ಏಷ್ಯದ ಎರಡನೇ ನಂಬರಿನವನು ಓಡಿಬಂದು ಎಡ ಸೊಂಟದ ಮೇಲೆ ಜಾರಿದ. ಹುಲ್ಲು ಚರಕ್ಕೆಂದಿತು. ಎದ್ದು ನಿಂತಾಗ ಬಿಳಿ ಚಡ್ಡಿಯ ಮೇಲೆ ಹಸಿರು, ಹಸಿಹಸಿಯಾಗಿ. ಸೋಪಕ್ಕ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಆ ಕಲೆಯನ್ನು ಆಕೆ ಸಾವಿರ ಸಲ ತೊಳೆದಿದ್ದಳು. ಅದು ಹುಟ್ಟುವುದನ್ನು ಕಂಡದ್ದು ಇದೇ ಮೊದಲು. ಅದು ಹುಟ್ಟುವುದಕ್ಕೆ ಮುಂಚೆ ಒಬ್ಬ ಮನುಷ್ಯ ಅಷ್ಟು ದೂರದಿಂದ ಅಷ್ಟು ಆಸೆಯಿಂದ ಓಡಿ ಬಂದಿರುತ್ತಾನೆ ಎನ್ನುವುದು ಬಟ್ಟೆಯಲ್ಲಿ ಇರಲಿಲ್ಲ.

ಆಮೇಲೆ ಕಣ್ಣು ಪಳಗಿತು. ಏಷ್ಯದವರು ಓಡುತ್ತಿದ್ದ ರೀತಿ ನೋಡಿ ಅವಳಿಗೆ ದೊಡ್ಡ ಚಾದರ ಕಂಡಂತಾಯಿತು. ಇಬ್ಬರು ನಾಲ್ಕು ಮೂಲೆ ಹಿಡಿದು ಕೊಡವುವಾಗ ಒಂದು ತುದಿ ಎತ್ತಿದರೆ ಇನ್ನೊಂದು ತುದಿಗೆ ಅಲೆ ಹೋಗುತ್ತದಲ್ಲ, ಹಾಗೆ. ಚೆಂಡು ಎಡಕ್ಕೆ ಹೋದರೆ ಹನ್ನೊಂದು ಜನವೂ ಎಡಕ್ಕೆ. ಬಲಕ್ಕೆ ಹೋದರೆ ಹನ್ನೊಂದೂ ಬಲಕ್ಕೆ. ನಡುವೆ ಒಂದು ಸುಕ್ಕಿಲ್ಲ, ಒಂದು ತೂತಿಲ್ಲ. ಒಂದೇ ಎತ್ತರದ ಉಪ್ಪಿನ ಗೆರೆಯ ಗುಟ್ಟು ಇದೇನಾ ಎಂದುಕೊಂಡಳು.

ಇಂಥ ಚಾದರವನ್ನು ಹರಿಯುವುದು ಹೇಗೆ?

ದಕ್ಷಿಣದವರ ಐದನೇ ನಂಬರಿನವನನ್ನು ಆಕೆ ಮೂರು ವಾರದಿಂದ 'ಮದುಮಗ' ಎಂದು ಕರೆಯುತ್ತಿದ್ದಳು. ಅವನ ಜೆರ್ಸಿಯ ಮೇಲೆ ಒಂದು ದಿನವೂ ಒಂದು ಚುಕ್ಕೆ ಕಲೆ ಇರುತ್ತಿರಲಿಲ್ಲ. ಕತ್ತಿನ ಹತ್ತಿರ ಬೆವರು ಇರುತ್ತಿತ್ತು, ಅಂದರೆ ಆಡಿದ್ದಾನೆ. ಹುಲ್ಲಿಲ್ಲ, ಕೆಸರಿಲ್ಲ. "ಬಿಸಿಲಲ್ಲಿ ನಿಂತು ಬೆವರಿ ಬಂದಿದಾನೆ, ಸೋಮಾರಿ" ಎಂದು ಇಸ್ತ್ರಿ ಮಾಮನ ಹತ್ತಿರ ಆಡಿಕೊಂಡಿದ್ದಳು. ಈಗ ಅವನು ಮೈದಾನದ ನಟ್ಟನಡುವೆ ನಿಂತಿದ್ದ. ಓಡುತ್ತಿರಲಿಲ್ಲ. ಸುಮ್ಮನೆ ಕತ್ತು ತಿರುಗಿಸುತ್ತಿದ್ದ, ಬಲಕ್ಕೆ, ಎಡಕ್ಕೆ, ಹಿಂದಕ್ಕೆ, ಬಸ್ಸಿಗೆ ಕಾಯುವವನಂತೆ. ಚೆಂಡು ಅವನ ಹತ್ತಿರ ತಾನಾಗಿ ಬರುತ್ತಿತ್ತು. ಬಂದದ್ದನ್ನು ಅಂಗಾಲಿನ ಕೆಳಗೆ ಇಟ್ಟುಕೊಂಡು ಒಂದು ಗಳಿಗೆ ನಿಲ್ಲುತ್ತಿದ್ದ. ಯಾರಾದರೂ ಮೇಲೆ ಬೀಳಲು ಬರುವಷ್ಟರಲ್ಲಿ ಚೆಂಡು ಅಲ್ಲಿರುತ್ತಿರಲಿಲ್ಲ, ಅವನೂ ಅಲ್ಲಿರುತ್ತಿರಲಿಲ್ಲ. ಅವನ ಮೈ ಸೋಕಲೇ ಯಾರಿಗೂ ಆಗುತ್ತಿರಲಿಲ್ಲ. ಕಲೆ ಎಲ್ಲಿಂದ ಆಗಬೇಕು?

ಮೂವತ್ತೊಂದನೇ ನಿಮಿಷ. ಮದುಮಗ ಚೆಂಡನ್ನು ಎಡಕ್ಕೆ ಕೊಟ್ಟ, ವಾಪಸ್ ತಗೊಂಡ. ಮತ್ತೆ ಎಡಕ್ಕೆ, ಮತ್ತೆ ವಾಪಸ್. ಚಾದರ ಎಡಕ್ಕೆ ಸರಿಯಿತು, ಇನ್ನಷ್ಟು ಸರಿಯಿತು, ಬಿಗಿಯಾಯಿತು. ಸೋಪಕ್ಕನಿಗೆ ಬಟ್ಟೆಯ ಬಿಗಿ ಗೊತ್ತು. ಯಾವ ಎಳೆತಕ್ಕೆ ಎಲ್ಲಿ ಬಿಡುತ್ತದೆ ಎನ್ನುವುದು ಬೆರಳಿಗೇ ಗೊತ್ತು. ಈಗ ಬಿಡುತ್ತೆ, ಬಲತುದಿಯಲ್ಲಿ ಈಗ ಬಿಡುತ್ತೆ, ಎಂದು ಅವಳ ಕೈಬೆರಳು ಅಂದುಕೊಂಡ ಗಳಿಗೆಯಲ್ಲೇ ಅವನು ಆ ಕಡೆ ನೋಡದೆಯೇ ಬಲಕ್ಕೆ ಒದ್ದ. ಚೆಂಡು ನೆಲದ ಮೇಲೆ ಸೂಜಿಯಂತೆ ಇಬ್ಬರ ನಡುವೆ ನುಗ್ಗಿತು. ಅಲ್ಲಿ ಒಬ್ಬ ಆಗಲೇ ಓಡುತ್ತಿದ್ದ. ಗೋಲು.

ನಲವತ್ತು ಸಾವಿರ ಜನ ಎದ್ದು ಕೂಗಿದರು. ಸೋಪಕ್ಕ ಕೂಗಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಇಷ್ಟು ವರ್ಷ ಕಲೆಯಿದ್ದಲ್ಲೇ ಆಟ ಇದೆ ಅಂದುಕೊಂಡಿದ್ದೆನಲ್ಲ, ಎಂದಷ್ಟೇ ಮನಸ್ಸಿಗೆ ಬರುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಕೋಚ್ ಕೂಡ ಚಪ್ಪಾಳೆ ತಟ್ಟಲಿಲ್ಲ. "ಕಂಡ್ತಾ?" ಎಂದರು ಮೆಲ್ಲಗೆ.

"ಕಂಡಿತು ಸಾರ್."

ಎರಡನೇ ಅರ್ಧದಲ್ಲಿ ಏಷ್ಯದವರು ಸುಮ್ಮನಿರಲಿಲ್ಲ. ಹರಿದ ಚಾದರವನ್ನು ಅವರು ಮಡಚಿದರು, ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಮದುಮಗನ ಸುತ್ತಲೇ. ಅವನಿಗೆ ಕತ್ತು ತಿರುಗಿಸಲೂ ಎಡೆಯಿರಲಿಲ್ಲ. ಓಡಿ ಓಡಿ ದಣಿಯದ ಜನ ಅವರು. ಎಪ್ಪತ್ತನೇ ನಿಮಿಷಕ್ಕೆ ಒಂದು ಗೋಲು ತೀರಿಸಿದರು. ಎಂಬತ್ತೆಂಟಕ್ಕೆ ಮೂವರು ಒಟ್ಟಿಗೆ ಬಂದು ಚೆಂಡು ಕಸಿದರು. ಅದನ್ನು ತಡೆಯಲು ಮದುಮಗ, ಇಡೀ ಪಂದ್ಯಾವಳಿಯಲ್ಲಿ ಮೊದಲ ಸಲ, ನೆಲಕ್ಕೆ ಬಿದ್ದು ಕಾಲು ಚಾಚಿದ. ಸಿಗಲಿಲ್ಲ. ಐದು ಒದೆತದಲ್ಲಿ ಚೆಂಡು ಆ ತುದಿಯಿಂದ ಈ ತುದಿಗೆ ಬಂದು ಬಲೆ ಸೇರಿತು. ಏಷ್ಯದವರು ಎರಡು–ಒಂದರಿಂದ ಗೆದ್ದರು. ಗೆದ್ದವರೂ ಸೋತವರೂ ಹುಲ್ಲಿನ ಮೇಲೆ ಉರುಳಿಕೊಂಡಿದ್ದನ್ನು ನೋಡಿ, ತೊಟ್ಟಿಗೆ ನೀರು ಬಿಟ್ಟಿದ್ದಾನೋ ಇಲ್ಲವೋ ಎಂದು ಇಸ್ತ್ರಿ ಮಾಮನ ನೆನಪಾಗಿ ಸೋಪಕ್ಕ ಎದ್ದು ಓಡಿದಳು.

ಮಾಮ ಎಲ್ಲ ಸರಿಯಾಗಿಯೇ ಮಾಡಿದ್ದ. ತಣ್ಣೀರಿನಲ್ಲಿ ನೆನೆಯಬೇಕಾದದ್ದನ್ನು ಮಾತ್ರ ಬಿಸಿನೀರಿಗೆ ಹಾಕಿದ್ದ. ಅದಕ್ಕೆ ಅವಳು ಬೈಯಲೂ ಇಲ್ಲ. ಕೊನೆಯ ಚೀಲದಲ್ಲಿ ಐದನೇ ನಂಬರಿನ ಜೆರ್ಸಿ ಸಿಕ್ಕಿತು. ಬಲ ಪಕ್ಕೆಯ ಮೇಲೆ ಒಂದು ಅಂಗೈಯಷ್ಟು ಹಸಿರು. ಅದನ್ನು ಬೆಳಕಿಗೆ ಹಿಡಿದು ನಿಂತೇ ನಿಂತಳು.

"ಏನು, ಹೋಗಲ್ವಾ?" ಎಂದ ಮಾಮ.

"ಹೋಗುತ್ತೆ" ಎಂದಳು. ತಣ್ಣೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದಳು. ಹತ್ತು ನಿಮಿಷಕ್ಕೆ ಹೋಯಿತು.

ಮರುದಿನ ರಜೆ. ಬೆಳಗ್ಗೆ ಯಜಮಾನರು ಕ್ಷೌರದವನ ಜೊತೆ ಫೈನಲ್ಲನ್ನು ಹಿಂಜುತ್ತ ಕೂತಿದ್ದರು. "ಆ ಐದನೇ ನಂಬರಿನವನು ಏನು ಕಿಸಿದ ಹೇಳು? ನಿಂತಲ್ಲೇ ನಿಂತಿದ್ದ. ನಾನಾಗಿದ್ರೆ ಅರ್ಧಕ್ಕೇ ಹೊರಗೆ ಕೂರಿಸ್ತಿದ್ದೆ."

ಸೋಪಕ್ಕ ಕಾಫಿ ಲೋಟ ಕೊಟ್ಟು, ನೆಲದ ಮೇಲೆ ಕೂತಳು. "ಇನ್ನೊಂದು ಸಲ ಹಾಕ್ತಾರಲ್ಲ ಟಿವೀಲಿ, ಹಾಕಿ. ಚೆಂಡು ನೋಡಬೇಡಿ. ಅವನನ್ನ ಮಾತ್ರ ನೋಡಿ."

"ಚೆಂಡು ಬಿಟ್ಟು ಫುಟ್‌ಬಾಲ್ ನೋಡೋದಾ?"

"ಒಂದೇ ಒಂದು ಸಲ ರೀ. ನನಗೋಸ್ಕರ."

ಹಾಕಿದರು. ಮೊದಲ ಹತ್ತು ನಿಮಿಷ ಗೊಣಗಿದರು. ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುತ್ತಿದ್ದದ್ದರಿಂದ ಅವನು ಆಗಾಗ ಪರದೆಯ ಅಂಚಿನಿಂದ ಜಾರಿಹೋಗುತ್ತಿದ್ದ. ಹಾಗೆ ಹೋದಾಗೆಲ್ಲ ಯಜಮಾನರು ಕುರ್ಚಿಯಲ್ಲಿ ಪಕ್ಕಕ್ಕೆ ಬಾಗಿ ಟಿವಿಯ ಚೌಕಟ್ಟಿನ ಆಚೆ ಇಣುಕುತ್ತಿದ್ದರು. ಕ್ಷೌರದವನೂ ಬಾಗುತ್ತಿದ್ದ. ಇಪ್ಪತ್ತನೇ ನಿಮಿಷಕ್ಕೆ ಗೊಣಗುವುದು ನಿಂತಿತು. ಮೂವತ್ತೊಂದಕ್ಕೆ ಬಂದಾಗ, ಅವನು ಎಡಕ್ಕೆ ಎರಡು ಸಲ ಕೊಟ್ಟು ತಗೊಂಡು ಬಲಕ್ಕೆ ಒದ್ದಾಗ, ಯಜಮಾನರ ಕೈಯಲ್ಲಿನ ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು.

ಮೂವತ್ತು ವರ್ಷದ ಸಂಸಾರದಲ್ಲಿ ಅವರು ಟಿವಿ ಮುಂದೆ ಮೌನವಾಗಿ ಕೂತದ್ದನ್ನು ಸೋಪಕ್ಕ ಅಂದೇ ಕಂಡದ್ದು.

"ನೀನು ಇದನ್ನ ಅಲ್ಲೇ ಕೂತು ನೋಡಿದ್ಯಾ?" ಎಂದು ಕೇಳಿದರು ಆಮೇಲೆ, ತೀರ ಮೆಲ್ಲಗೆ.

"ನಾಲ್ಕು ಮಾರು ದೂರದಲ್ಲಿ."

"ಹೇಗಿತ್ತೇ?"

ಅವಳು ಹೇಳಲು ನೋಡಿದಳು. ಚಾದರದ ಮಾತು ಹೇಳಿದಳು, ಬಿಗಿಯ ಮಾತು ಹೇಳಿದಳು, ಹುಲ್ಲು ಚರಕ್ಕೆಂದದ್ದನ್ನು ಹೇಳಿದಳು. ಆ ಗಳಿಗೆಯ ಬಗ್ಗೆ ಮಾತ್ರ ಮಾತು ಸಾಲದೆ ಕೈಯನ್ನು ಗಾಳಿಯಲ್ಲಿ ಹಾಗೇ ಬಿಟ್ಟಳು. ಯಜಮಾನರು ಆ ಕೈಯನ್ನೇ ನೋಡುತ್ತಿದ್ದರು.

ಈಗ ಆಕೆಗೆ ಐವತ್ತಾರು. ಕೆಲಸ ಅದೇ, ಕೋಣೆ ಅದೇ. ಮ್ಯಾನೇಜರ್ ಹೇಳಿ ಒಗೆಯುವ ಕೆಲಸಕ್ಕೆ ಇನ್ನೊಬ್ಬಾಕೆಯನ್ನು ಹಾಕಿಸಿದ್ದಾರೆ, ಆದ್ದರಿಂದ ಪ್ರತಿ ಪಂದ್ಯದ ಮೊದಲರ್ಧ ಸೋಪಕ್ಕ ಸುರಂಗದ ಬಾಯಲ್ಲಿರುತ್ತಾಳೆ. ಹೋದ ವರ್ಷ ಕೋಚ್ ತಮ್ಮ ತರಬೇತಿ ಶಿಬಿರಕ್ಕೆ ಅವಳನ್ನು ಕರೆಸಿ ಮೂವತ್ತು ಜನ ತರುಣ ಕೋಚ್‌ಗಳ ಮುಂದೆ ಮಾತಾಡಿಸಿದರು. ಒಬ್ಬಳು ಎದ್ದು ಕೇಳಿದಳು: "ಎಲ್ಲಾ ಖಂಡದವರ ಬಟ್ಟೇನೂ ನೋಡಿದೀರ. ಯಾರ ಆಟ ಮೇಲು ಅಂತೀರ ಅಮ್ಮಾ?"

"ಗೊತ್ತಿಲ್ಲಮ್ಮ" ಎಂದಳು ಸೋಪಕ್ಕ. "ನಾನು ಇನ್ನೂ ನೋಡಿರೋದು ಹದಿನೇಳು ಮ್ಯಾಚ್ ಅಷ್ಟೆ."